ಹಳೇ ಸೆಂಟ್ರಿಫ್ಯೂಜೂ ನನ್ನ ಪಿಆರ್‌ಪಿಯೂ

ಹಾಸನದಲ್ಲಿ ಸವೆದ ಮಂಡಿಗೆ ಪಿಆರ್‌ಪಿ, ಅಂದರೆ ರೋಗಿಯದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಜಾಸ್ತಿ ಇರುವ ಪ್ಲಾಸ್ಮಾ, ಚುಚ್ಚಿ ಕೊಡ್ತೀನಿ ಅಂದಾಗ ಜೊತೆಯ ಮೂಳೆ ಡಾಕ್ಟರು ನಕ್ಕಿದ್ದರು. "8-9 ಸಾವಿರದ ಕಿಟ್‌ಗೆ ಇಲ್ಲಿ ಯಾರ್ರೀ ದುಡ್ಡು ಕೊಡ್ತಾರೆ?" ಕಿಟ್ಟೇ ಬೇಡ ಅನ್ನೋದು ನನ್ನ ಹಟ. ರಕ್ತವನ್ನು ಗಿರಗಿರ ತಿರುಗಿಸಿ ಪದರ ಬೇರೆ ಮಾಡುವ ಸೆಂಟ್ರಿಫ್ಯೂಜ್, ಮುಚ್ಚಿದ ಲ್ಯಾಬೊಂದರ ಹಳೇದು ತಂದೆ, 28,000 ಇರಬೇಕು.

ಮೊದಲ ಹದಿನೈದು ಮಂಡಿ ದಂಡ. ಬೆಂಗಳೂರಿನ ಗೆಳೆಯ 1500 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಅಂದಿದ್ದ, ನಾನೂ ಅಷ್ಟೇ ಇಟ್ಟೆ. ಪ್ಲಾಸ್ಮಾ ನೋಡೋಕೆ ಚೆನ್ನಾಗೇ ಇತ್ತು, ತಿಳಿ ಜೇನಿನ ಬಣ್ಣ. ತಿಂಗಳು ಕಳೆದರೂ ಆಲೂಗಡ್ಡೆ ಹೊಲದ ಹೆಂಗಸರು "ಹಂಗೇ ಅದೆ ಡಾಕ್ಟ್ರೇ" ಅನ್ನುತ್ತಿದ್ದರು. ಮೂವರಿಗೆ ದುಡ್ಡು ವಾಪಸ್ ಕೊಟ್ಟೆ.

ಕೊನೆಗೆ ಬುದ್ಧಿ ಬಂತು, ಪ್ಲೇಟ್‌ಲೆಟ್ ಕೌಂಟ್ ಮಾಡಿಸಿದೆ. ರಕ್ತದಲ್ಲಿ 2.2 ಲಕ್ಷ, ನನ್ನ ಸಿರಿಂಜಿನಲ್ಲಿ 2.5! ಸ್ಕೇಲ್ ಹಿಡಿದು ರೋಟರ್, ಅಂದರೆ ಟ್ಯೂಬ್ ಹಿಡಿದು ತಿರುಗುವ ಭಾಗದ ತ್ರಿಜ್ಯ ಅಳೆದೆ. ಗೆಳೆಯನದು 10 ಸೆಂ.ಮೀ., ನನ್ನದು 16. ಅವನಿಗೆ 250 ಜಿ (ಗುರುತ್ವದ 250 ಪಟ್ಟು ಎಳೆತ) ಬರುವ ವೇಗಕ್ಕೆ ನನಗೆ 400. ಪ್ಲೇಟ್‌ಲೆಟ್ಟೆಲ್ಲ ಕೆಂಪು ಕಣಗಳ ಜೊತೆ ತಳ ಸೇರುತ್ತಿತ್ತು. ಮೊದಲ ಸುತ್ತು 1200ಕ್ಕೆ ಇಳಿಸಿದೆ. ಈಗ 30 ಎಂಎಲ್ ರಕ್ತಕ್ಕೆ 4 ಎಂಎಲ್ ಪಿಆರ್‌ಪಿ, ಕೌಂಟ್ ಎಂಟು-ಒಂಬತ್ತು ಲಕ್ಷ.

ಒಂದು ಮಂಡಿ ಸಿಕ್ಕಾಪಟ್ಟೆ ಊದಿಕೊಂಡಿತು. ಸೆಪ್ಟಿಕ್, ಒಳಗೆ ಸೋಂಕು ತಗುಲಿದೆ ಅಂತ ಎದೆ ಧಸಕ್ ಅಂದಿತ್ತು. ನೀರು ತೆಗೆದು ಕಲ್ಚರ್‌ಗೆ ಹಾಕಿದರೆ ಏನೂ ಬೆಳೆಯಲಿಲ್ಲ. ಕೆಂಪು ಕಣಗಳ ಮೇಲೆ ಕೂರುವ ಬಿಳಿ ರಕ್ತಕಣಗಳ ಪದರವನ್ನೂ ಎಳೆದುಕೊಂಡು ಬಂದಿದ್ದೆ, ಅದಕ್ಕೇ ಊತ ಅನ್ನಿಸುತ್ತೆ. ಅದು ಕದಡದಂತೆ ಎಳೆಯೋಕೆ ಈಗೊಂದು ಕೈಚಳಕ ಕಲಿತಿದ್ದೀನಿ. ಬರೆಯಲ್ಲ, ಆಪರೇಷನ್ ಥಿಯೇಟರಿಗೆ ಬಂದರೆ ತೋರಿಸ್ತೀನಿ.

ಮಧ್ಯೆ ಹತ್ತು ಜನಕ್ಕೆ ಕೀಲು ಜಾರಲು ಕೊಡುವ ಹಯಲುರಾನಿಕ್ ಆಸಿಡ್ ಸೇರಿಸಿ ನೋಡಿದೆ. ಬಿಲ್ ಜಾಸ್ತಿಯಾಯಿತು, ಅಷ್ಟೇ. ಮಳೆಗಾಲದಲ್ಲಿ ಕರೆಂಟ್ ಹೋಗಿ ಮೆಷಿನ್ ಅರ್ಧಕ್ಕೆ ನಿಂತಾಗ ಮತ್ತೆ ರಕ್ತ ಎಳೆದೆ, ಬೈಸಿಕೊಂಡೆ. ಯುಪಿಎಸ್‌ಗೆ ಇನ್ನೊಂದು 11,000.

ಸವೆದ ಕಾರ್ಟಿಲೇಜ್ (ಮೃದ್ವಸ್ಥಿ) ಮತ್ತೆ ಬೆಳೆಯುತ್ತಾ? ಇಲ್ಲ. ವರ್ಷದ ನಂತರ ಮಾಡಿಸಿದ ಎಂಆರ್‌ಐಗಳಲ್ಲಿ ಸವೆತ ಸವೆತವಾಗಿಯೇ ಇದೆ. ನೋವು ಮಾತ್ರ ಗ್ರೇಡ್ ಎರಡರ, ಅಂದರೆ ಸವೆತ ಕಮ್ಮಿ ಇರುವವರಲ್ಲಿ ಹತ್ತಕ್ಕೆ ಆರೇಳು ಜನಕ್ಕೆ ಇಳಿದಿದೆ. ತೀರಾ ಸವೆದ ಗ್ರೇಡ್ ನಾಲ್ಕನ್ನು ಮುಟ್ಟಲ್ಲ. 2021ರ ಆಸ್ಟ್ರೇಲಿಯಾದ ಟ್ರಯಲ್‌ನಲ್ಲಿ ಪಿಆರ್‌ಪಿಗೂ ಬರೀ ಸಲೈನ್‌ಗೂ (ಉಪ್ಪುನೀರು) ವ್ಯತ್ಯಾಸ ಕಾಣಲಿಲ್ಲ, ಅದನ್ನು ರೋಗಿಗಳಿಗೂ ಹೇಳ್ತೀನಿ. ಆದರೆ ಆ ಟ್ರಯಲ್‌ನ ಪಿಆರ್‌ಪಿಯಲ್ಲಿ ಕೌಂಟ್ ಮೂರು ಲಕ್ಷ ಚಿಲ್ಲರೆ. ನನ್ನ ಮೊದಲ ಹದಿನೈದು ಮಂಡಿಯ ಕಥೆಯೂ ಹೆಚ್ಚುಕಮ್ಮಿ ಅದೇ ಅಲ್ವಾ?

ಈಗ ಮಂಡಿಗೆ 2,500 ತಗೋತೀನಿ, ನನ್ನ ಖರ್ಚು ಏಳುನೂರರ ಆಸುಪಾಸು. ನಕ್ಕವರಲ್ಲೊಬ್ಬರು ಹೋದ ವಾರ ಫೋನ್ ಮಾಡಿ, ರೋಟರ್ ಎಲ್ಲಿಂದ ಎಲ್ಲಿಗೆ ಅಳೆಯೋದು ಅಂತ ಕೇಳಿದರು. ನಡುವಿನ ಕಡ್ಡಿಯಿಂದ ಟ್ಯೂಬಿನ ತಳಕ್ಕೆ ಅಂದೆ. ಟ್ಯೂಬನ್ನು ಅಡ್ಡ ಎತ್ತಿ ಹಿಡಿದು ಅಳೀರಿ, ನೇತಾಡುವಾಗ ಅಲ್ಲ.