ನಡುವೆ ಒಂದೇ ವಾಕ್ಯ: ನನ್ನ ಪೋಸ್ಟರ್ ಮುಂದೆ ಕೊನೆಗೂ ಜನ ನಿಂತರು

ಈ ಸಲದ ಸಮ್ಮೇಳನದಲ್ಲಿ ಎರಡು ಗಂಟೆಯಲ್ಲಿ ನನ್ನ ಸಂಶೋಧನೆಯ ಪೋಸ್ಟರ್ ಮುಂದೆ ಸುಮಾರು 40 ಜನ ನಿಂತರು. ಹಿಂದಿನ ವರ್ಷ ಬಂದವರು ಆರೇಳು ಮಂದಿ, ಅದರಲ್ಲೂ ಇಬ್ಬರು ನಮ್ಮ ವಿಭಾಗದವರೇ. ವಿಷಯ ಅದೇ, ಮಳೆಗಾಲದಲ್ಲಿ ಕಾಯಿ ಕೊಳೆಸಿ ಉದುರಿಸುವ ಅಡಿಕೆಯ ಕೊಳೆರೋಗ. ಡೇಟಾ ಕೂಡ ಮುಕ್ಕಾಲು ಪಾಲು ಅದೇ. ಬದಲಾದದ್ದು ಪೋಸ್ಟರ್ ಮಾತ್ರ. "ಇದೇನಪ್ಪಾ, ಜಾಹೀರಾತಾ?" ಅಂದಿದ್ದ ಸೀನಿಯರ್‌ಗಳೇ ಈಗ ಫೈಲ್ ಕಳಿಸು ಅನ್ನುತ್ತಿದ್ದಾರೆ.

ಹಿಂದಿನ ವರ್ಷ ನಾನು ಪ್ರಬಂಧವನ್ನೇ ಕತ್ತರಿಸಿ ಪೋಸ್ಟರಿನ ದೊಡ್ಡ ಎ-0 ಹಾಳೆಗೆ ಅಂಟಿಸಿದ್ದೆ. ಏನಿಲ್ಲವೆಂದರೂ 900 ಪದ, ನಾಲ್ಕು ಕೋಷ್ಟಕ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಅಂತ ಈ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೇ ಒಂದು ಪ್ಯಾರಾ. ತೋಟ ಇರುವ ಮನೆಯ ಮಕ್ಕಳಿಗೂ ಗೊತ್ತಿರೋ ಲೆಕ್ಕ ಅದು. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗದ ಬಗ್ಗೆ ಬರೆದಿದ್ದನ್ನೂ ಸೇರಿಸಿದ್ದೆ. ಜನ ದೂರದಿಂದ ನೋಡಿ ಹಾಗೇ ಮುಂದಕ್ಕೆ ಹೋದರು.

ದುಡ್ಡು ಹೋದ ಕಥೆ ಬೇರೆ. ಕನ್ನಡದ ಒಂದು ಸಾಲನ್ನು ನುಡಿ ಫಾಂಟಿನಲ್ಲಿ ಹಾಕಿದ್ದೆ. ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಅಕ್ಷರದ ಜಾಗದಲ್ಲಿ ಇಂಗ್ಲಿಷಿನ ಚಿಂದಿ ಚಿಂದಿ ಗುರುತುಗಳು ಬಂದವು. ಫೋಟೊ ಪೇಪರ್ ಪ್ರಿಂಟು, ಸಾವಿರದ ಹತ್ತಿರ ಹೋಯಿತು. ಎರಡನೇ ಸಲ ಬಣ್ಣ ಕೈಕೊಟ್ಟಿತು. ಸ್ಕ್ರೀನಿನಲ್ಲಿ ಹೊಳೆಯುತ್ತಿದ್ದ ಹಸಿರು ಕಾಗದದ ಮೇಲೆ ಪಾಚಿ ಬಣ್ಣ ಆಯಿತು. ಇನ್ನೊಂದು ಸಾವಿರ. ಈಗ ಅಕ್ಷರಗಳನ್ನೆಲ್ಲ ಕರ್ವ್ ಮಾಡಿ, ಅಂದರೆ ಫಾಂಟ್ ಬೇಡದ ಚಿತ್ರವಾಗಿಸಿ, ಪಿಡಿಎಫ್ ಕೊಡುತ್ತೇನೆ. ಅದಕ್ಕೂ ಮೊದಲು ಒಂದು ಮೂಲೆಯನ್ನು ಅದೇ ಪೇಪರಿನಲ್ಲಿ ಪ್ರಿಂಟ್ ಹಾಕಿಸಿ, ಬಿಸಿಲಿಗೆ ಹಿಡಿದು ನೋಡುತ್ತೇನೆ. ಐವತ್ತು ರೂಪಾಯಿಯೂ ಆಗಲ್ಲ.

2019ರಲ್ಲಿ ಮೈಕ್ ಮಾರಿಸನ್ ಎಂಬ ಅಮೆರಿಕದ ಸಂಶೋಧನಾ ವಿದ್ಯಾರ್ಥಿ ಪೋಸ್ಟರಿಗೆ ಒಂದು ಹೊಸ ವಿನ್ಯಾಸ ತೋರಿಸಿದ್ದರು: ನಡುವೆ ದೊಡ್ಡದಾಗಿ ಫಲಿತಾಂಶ, ಪಕ್ಕದಲ್ಲಿ ವಿವರ, ಕ್ಯೂಆರ್ ಕೋಡ್. ನಾನು ಶುರು ಮಾಡಿದ್ದು ಅಲ್ಲಿಂದಲೇ. ಆದರೆ ನನ್ನ ವಾಕ್ಯ ಸಿಗಲು ಹತ್ತು ದಿನ ಹಿಡಿಯಿತು. ಮೊದಲು ಬರೆದದ್ದು "ಸಿಂಪಡಣೆಯ ಅವಧಿಯು ರೋಗದ ತೀವ್ರತೆಯ ಮೇಲೆ ಪರಿಣಾಮ ಬೀರುತ್ತದೆ". ಊರಿಗೆ ಹೋದಾಗ ಅಪ್ಪನಿಗೆ ಓದಿ ಹೇಳಿದೆ. "ಅದಕ್ಕೆ ಏನ್ ಮಾಡ್ಬೇಕು ಈಗ?" ಅಂದರು. ಕೊನೆಗೆ ನಿಂತದ್ದು ಇದು: "ಮಳೆ ಹಿಡಿಯುವ ಮೊದಲೇ ಔಷಧಿ ಹೊಡೆದ ತೋಟದಲ್ಲಿ ಕಾಯಿ ಉದುರಿದ್ದು ಕಡಿಮೆ". ಸಮ್ಮೇಳನಕ್ಕೆ ಇದನ್ನೇ ಇಂಗ್ಲಿಷಿನಲ್ಲಿ, 150 ಪಾಯಿಂಟಿನ ಆಸುಪಾಸಿನ ದೊಡ್ಡ ಅಕ್ಷರದಲ್ಲಿ ಹಾಕಿದೆ. ಗೈಡ್ ಮೇಡಂ ಮೊದಲು ಒಪ್ಪಲಿಲ್ಲ. "ವಿಧಾನ ಎಲ್ಲಿ?" ಎಂದರು. ಎಡಗಡೆ ಕಿರಿದಾದ ಪಟ್ಟಿಯಲ್ಲಿದೆ, ಕೇಳಿದವರಿಗೆ ಬಾಯಲ್ಲೇ ಹೇಳ್ತೀನಿ ಅಂದೆ.

ಪದಗಳು 250ಕ್ಕೆ ಇಳಿದವು. ಗ್ರಾಫ್ ಒಂದೇ, ಅದೂ ನೀಲಿ ಮತ್ತು ಕಿತ್ತಳೆ ಬಣ್ಣದ್ದು. ಹಿಂದಿನ ಸಲ ರೋಗದ ಕಾಯಿಗೆ ಕೆಂಪು, ಒಳ್ಳೆ ಕಾಯಿಗೆ ಹಸಿರು ಕೊಟ್ಟಿದ್ದೆ. ಹಿರಿಯ ವಿಜ್ಞಾನಿಯೊಬ್ಬರು ತುಂಬಾ ಹೊತ್ತು ನೋಡಿ, ಎರಡೂ ನನಗೆ ಒಂದೇ ಥರ ಕಾಣ್ತಿದೆಯಲ್ಲಾ ಅಂದಿದ್ದರು. ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣದವರೂ ಇರುತ್ತಾರಲ್ಲ, ಆ ಮಾತು ಮನಸ್ಸಿನಲ್ಲೇ ಉಳಿದಿತ್ತು.

ಅಳತೆಗೆ ನನ್ನ ಪರೀಕ್ಷೆ ಸುಲಭ. ಎ-0 ಫೈಲನ್ನು ಎ-4 ಹಾಳೆಗೆ ಪ್ರಿಂಟ್ ಹಾಕಿ. ಎಲ್ಲವೂ ಕಾಲುಭಾಗಕ್ಕೆ ಇಳಿಯುತ್ತದೆ, 24 ಪಾಯಿಂಟ್ ಇದ್ದದ್ದು 6 ಆಗುತ್ತದೆ. ಕೈಯಳತೆಯಲ್ಲಿ ಹಿಡಿದು ಓದಲು ಆಗದ ಸಾಲನ್ನು ದೊಡ್ಡದು ಮಾಡಬೇಡಿ, ತೆಗೆದೇ ಬಿಡಿ. ಇನ್ನು ಪೋಸ್ಟರಿನ ಮೇಲ್ತುದಿಯ ಪಟ್ಟಿಯಲ್ಲಿ ನಾನು ಮಾಡಿದ ಒಂದು ಕೆಲಸವಿದೆ, ಜನ ನಿಂತದ್ದರಲ್ಲಿ ಅದರ ಪಾಲೂ ಉಂಟು. ಮುಂದಿನ ಸಮ್ಮೇಳನ ಮುಗಿಯೋವರೆಗೆ ಅದನ್ನು ಹೇಳಲ್ಲ.

ಸುಮ್ನೆ ನೋಡೋಣ ಅಂತ ಕನ್ನಡದಲ್ಲೂ ಒಂದು ಮಾಡಿ ಫ್ಲೆಕ್ಸಿನಲ್ಲಿ ಹಾಕಿಸಿದೆ. ಚದರ ಅಡಿಗೆ ಇಪ್ಪತ್ತರ ಹಾಗೆ, ಒಟ್ಟು ಇನ್ನೂರು ಚಿಲ್ಲರೆ. ಇಂಗ್ಲಿಷಿನ ಸಾಲಿನ ಅಂತರವನ್ನೇ ಇಟ್ಟದ್ದು ತಪ್ಪಾಯಿತು. "ಪತ್ರ", "ಸುಣ್ಣ" ಇಂಥ ಪದಗಳ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ ಕಲೆಯ ಹಾಗೆ ಕಂಡಿತು. ಅಂತರ ಒಂದೂವರೆ ಪಟ್ಟು ಮಾಡಿದ ಮೇಲೆ ಸರಿಹೋಯಿತು. ಅದನ್ನು ಊರಿನ ಸಹಕಾರ ಸಂಘದ ಗೋಡೆಗೆ ಹಾಕಿದ್ದೇವೆ. ದೋಟಿಯಲ್ಲಿ, ಅಂದರೆ ಉದ್ದ ಕೋಲಿನಲ್ಲಿ, ಔಷಧಿ ಹೊಡೆಯುವ ಒಬ್ಬರು ಗ್ರಾಫನ್ನು ನೋಡಲೇ ಇಲ್ಲ. ನಡುವಿನ ವಾಕ್ಯ ಓದಿ, "ಎರಡನೇ ಸಲ ಹೊಡೆಯೋದು ಯಾವಾಗ ಅಂತ ಇಲ್ವಲ್ಲಾ?" ಅಂತ ಕೇಳಿದರು. ಮುಂದಿನ ಪ್ರಿಂಟಿನಲ್ಲಿ ಆ ವಾಕ್ಯದ ಕೆಳಗೇ ಸೇರಿಸುತ್ತಿದ್ದೇನೆ: 40–45 ದಿನ ಬಿಟ್ಟು.