ನೀರೊಳಗಿನ ಫೋಟೋದಲ್ಲಿ ಕೆಂಪು ಉಳಿಯಬೇಕಾದರೆ

ಹುಬ್ಬಳ್ಳಿ-ಧಾರವಾಡದಿಂದ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಬಳಿ ಡೈವ್ ಮಾಡಿ ಬಂದವರ ಫೋಟೋಗಳಲ್ಲಿ ಮೀನು, ಬಂಡೆ, ಮನುಷ್ಯರ ಮುಖ ಎಲ್ಲವೂ ಹಸಿರು ಇಲ್ಲವೇ ನೀಲಿ. ಇದು ಕ್ಯಾಮೆರಾದ ತಪ್ಪಲ್ಲ. ನೀರು ಮೊದಲು ನುಂಗುವುದು ಕೆಂಪನ್ನು. ಸುಮಾರು 5 ಮೀಟರ್ ಆಳಕ್ಕೆ ಅದರ ಬಹುಪಾಲು ಹೋಗಿರುತ್ತದೆ, ಮುಂದೆ ಕಿತ್ತಳೆ, ಆಮೇಲೆ ಹಳದಿ. ಕ್ಯಾಮೆರಾಕ್ಕೂ ಮೀನಿಗೂ ನಡುವಿನ ನೀರೂ ಲೆಕ್ಕಕ್ಕೆ ಬರುತ್ತದೆ: 4 ಮೀಟರ್ ಆಳದಲ್ಲಿ, 3 ಮೀಟರ್ ದೂರದ ಮೀನೆಂದರೆ ಬೆಳಕು ದಾಟಿದ್ದು 7 ಮೀಟರ್ ನೀರು. ಅದಕ್ಕೇ ಮೀನಿಗೆ ಒಂದು ಮೀಟರ್‌ಗಿಂತ ಹತ್ತಿರ ಬಂದು ತೆಗೆಯಿರಿ. ಜೂಮ್ ಮಾಡಿದರೆ ನಡುವಿನ ನೀರೇನೂ ಕಡಿಮೆಯಾಗದು.

ಹೊರಡುವ ಮುಂಚೆ ಊರಿನ ಈಜುಕೊಳದಲ್ಲೇ ಕೈ ಪಳಗಿಸಿಕೊಳ್ಳಿ (ಕ್ಯಾಮೆರಾಕ್ಕೆ ಅನುಮತಿ ಕೇಳಿಯೇ ಇಳಿಯಿರಿ). ಕೆಂಪು ಪ್ಲಾಸ್ಟಿಕ್ ಮಗ್ಗಿನಲ್ಲಿ ಕಲ್ಲು ಹಾಕಿ ತಳಕ್ಕೆ ಬಿಡಿ. ಅರ್ಧ ಮೀಟರ್‌ನಿಂದ ಒಂದು, 5 ಮೀಟರ್‌ನಿಂದ ಒಂದು ಫೋಟೋ ತೆಗೆಯಿರಿ. ಎರಡನೆಯದರಲ್ಲಿ ಮಗ್ಗು ಮಂಕಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕೊಳದ ನೀಲಿ ಟೈಲ್ಸ್‌ನ ಛಾಯೆಯೂ ಸೇರುವುದರಿಂದ ಅಲ್ಲಿನ ಸೆಟ್ಟಿಂಗ್ ಸಮುದ್ರಕ್ಕೆ ನಡೆಯುವುದಿಲ್ಲ.

ಸಮುದ್ರದಲ್ಲಿ ವೈಟ್ ಬ್ಯಾಲೆನ್ಸನ್ನು (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿದೂಗಿಸುವ ಸೆಟ್ಟಿಂಗ್) ಆಟೋಗೆ ಬಿಡಬೇಡಿ. ಹೊಳಪಿಲ್ಲದ ಬೂದು ಪ್ಲಾಸ್ಟಿಕ್ ಹಲಗೆ ಒಯ್ಯಿರಿ. ಸ್ಟೀಲ್ ತಟ್ಟೆ ಬೇಡ, ಅದು ಹೊಳೆದು ಅಳತೆ ಕೆಡಿಸುತ್ತದೆ. ಫೋಟೋ ತೆಗೆಯುವ ಆಳದಲ್ಲೇ, ಸೂರ್ಯನಿಗೆ ಬೆನ್ನಾಗಿ, ಹಲಗೆಗೆ ಮೇಲಿನ ಬೆಳಕು ಬೀಳುವಂತೆ ಹಿಡಿದು, ಫ್ರೇಮ್ ತುಂಬಿಸಿ ಕಸ್ಟಮ್ ವೈಟ್ ಬ್ಯಾಲೆನ್ಸ್ ಹೊಂದಿಸಿ. ಪ್ರತಿ 3 ಮೀಟರ್ ಏರಿಳಿತಕ್ಕೂ ಮತ್ತೆ ಹೊಂದಿಸಬೇಕು. ಇದನ್ನೇ ಬೇಸರವೆಂದು ಬಿಟ್ಟು ಹೆಚ್ಚಿನವರು ಬಣ್ಣ ಕಳೆದುಕೊಳ್ಳುತ್ತಾರೆ.

ಲೆನ್ಸ್ ಮುಂದೆ ಬಣ್ಣದ ಫಿಲ್ಟರ್ ಹಾಕುವುದಾದರೆ ನೀಲಿ ನೀರಿಗೆ ಕೆಂಪು, ಹಸಿರು ನೀರಿಗೆ ಮೆಜೆಂಟಾ (ನೇರಳೆ ಮಿಶ್ರಿತ ಗುಲಾಬಿ). ಫಿಲ್ಟರ್ ಬೆಳಕನ್ನೂ ತಿನ್ನುತ್ತದೆ, ಆದ್ದರಿಂದ ಬಿಸಿಲು ಚೆನ್ನಾಗಿರುವಾಗಷ್ಟೇ ಉಪಯೋಗ. ಸ್ಟ್ರೋಬ್ (ನೀರೊಳಗೆ ಬಳಸುವ ಫ್ಲ್ಯಾಶ್) ಬಳಸಿದರೆ ಫಿಲ್ಟರ್ ತೆಗೆದು, ವೈಟ್ ಬ್ಯಾಲೆನ್ಸ್ 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸು ಇಡಿ. ಅದರ ಬೆಳಕು ಹೋಗಿ ಮರಳುವಾಗಲೂ ನೀರು ಕೆಂಪನ್ನು ಕಸಿಯುವುದರಿಂದ ಒಂದು ಮೀಟರ್ ಆಚೆಗೆ ನಂಬಬೇಡಿ. ಸ್ಟ್ರೋಬನ್ನು ಲೆನ್ಸ್ ಪಕ್ಕದಲ್ಲೇ ಇಟ್ಟರೆ ನೀರಿನ ಕಣಗಳೆಲ್ಲ ಬಿಳಿ ಚುಕ್ಕೆಗಳಾಗಿ ಮೂಡುತ್ತವೆ. ತೋಳು ಚಾಚಿ ದೂರ ಇಟ್ಟು, ಸ್ವಲ್ಪ ಹೊರಕ್ಕೆ ತಿರುಗಿಸಿ.

ಏನೇ ಆದರೂ ರಾ ಫೈಲ್‌ನಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆಯಿರಿ. ಕ್ಯಾಮೆರಾದಲ್ಲಿ ಸೌಲಭ್ಯವಿದ್ದರೆ ನೀರಿನಲ್ಲೇ ಕೆಂಪಿನ ಹಿಸ್ಟೋಗ್ರಾಮ್ (ಕೆಂಪು ಎಷ್ಟು ದಾಖಲಾಗಿದೆ ಎಂದು ತೋರಿಸುವ ನಕ್ಷೆ) ನೋಡಿ: ಅದು ಎಡಗೋಡೆಗೆ ಅಂಟಿದ್ದರೆ ಕೆಂಪು ದಾಖಲಾಗಿಲ್ಲವೆಂದೇ ಅರ್ಥ, ಮನೆಗೆ ಬಂದು ಎಷ್ಟು ಎಳೆದರೂ ಬರುವುದು ಕಾಳುಕಾಳು ನಾಯ್ಸ್ ಮಾತ್ರ. ಇನ್ನೂ ಹತ್ತಿರ ಹೋಗಿ, ಇಲ್ಲವೇ ಮೇಲಕ್ಕೆ ಬಂದು ಮತ್ತೊಮ್ಮೆ ತೆಗೆಯಿರಿ.