ದಡಾರದ ಮಗುವಿಗೆ ವಿಟಮಿನ್ ಎ: ಎರಡನೇ ದಿನದ ಡೋಸ್ ಯಾಕೆ ಬೇಕು

ನಾನು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್. ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದಿನ ಜೊತೆ 1 ಮಿ.ಲೀ. ವಿಟಮಿನ್ ಎ ಕುಡಿಸುವುದು ತಾಯಂದಿರಿಗೆಲ್ಲ ಗೊತ್ತು. ದಡಾರ ಬಂದ ಮಗುವಿಗೂ ಅದನ್ನೇ ಕೊಡುತ್ತೇವೆ ಅಂದರೆ ಮಾತ್ರ, "ಹೋದ ಸಲ ಹಾಕಿದ್ದೀರಲ್ಲ ಸಿಸ್ಟರ್, ಮತ್ಯಾಕೆ?" ಅಂತಾರೆ.

ದಡಾರ ಬಂದಾಗ ರಕ್ತದಲ್ಲಿರುವ ವಿಟಮಿನ್ ಎ ಸರ್ರನೆ ಇಳಿಯುತ್ತದೆ, ಚೆನ್ನಾಗಿ ಉಂಡು ಬೆಳೆದ ಮಗುವಿನಲ್ಲೂ. ಅದಿಲ್ಲದೆ ಕಣ್ಣು, ಶ್ವಾಸನಾಳ, ಕರುಳಿನ ಒಳಪದರ ಸೊರಗುತ್ತದೆ. ನ್ಯುಮೋನಿಯಾ, ಭೇದಿ ಹತ್ತುವುದು ಆಗಲೇ.

ಇನ್ನೊಂದು ಕೆಲಸವೂ ಇದೆ. ದೇಹ ವಿಟಮಿನ್ ಎಯಿಂದ ರೆಟಿನೋಯಿಕ್ ಆಮ್ಲ ಮಾಡಿಕೊಳ್ಳುತ್ತದೆ. ವೈರಸ್ಸಿನ ಆರ್‌ಎನ್‌ಎ ಪತ್ತೆ ಹಚ್ಚುವ ರಿಗ್-ಐ ಅನ್ನುವ ಪ್ರೋಟೀನು ಜೀವಕೋಶದಲ್ಲಿ ಜಾಸ್ತಿಯಾಗುವುದು ಈ ಆಮ್ಲದಿಂದ. ಪ್ರಯೋಗಾಲಯದಲ್ಲಿ ಈ ಆಮ್ಲವಿದ್ದ ಕೋಶಗಳ ಮೇಲೆ ದಡಾರದ ವೈರಸ್ ಬಿಟ್ಟು ನೋಡಿದಾಗ, ಸೋಂಕು ತಗಲದ ಅಕ್ಕಪಕ್ಕದ ಕೋಶಗಳು ಇಂಟರ್‌ಫೆರಾನ್ ಬಲದಿಂದ, ಅಂದರೆ ವೈರಸ್ ಬಂತೆಂದು ಕೋಶಗಳು ಒಂದಕ್ಕೊಂದು ಕಳಿಸುವ ಎಚ್ಚರಿಕೆಯ ಸಂಕೇತದಿಂದ, ಮೊದಲೇ ಸಜ್ಜಾಗಿದ್ದವು. ಪಕ್ಕದ ಮನೆಗೆ ಕಳ್ಳ ನುಗ್ಗಿದ್ದು ಕೇಳಿ ನಾವು ಚಿಲಕ ಹಾಕಿಕೊಳ್ಳುವುದಿಲ್ವಾ, ಹಾಗೆ.

ವರ್ಷ ತುಂಬಿದ ಮಗುವಿಗೆ 2 ಲಕ್ಷ ಯೂನಿಟ್, ಅಂದರೆ 2 ಮಿ.ಲೀ. ಆರು ತಿಂಗಳಿಂದ ವರ್ಷದೊಳಗೆ ಅದರರ್ಧ, ಇನ್ನೂ ಚಿಕ್ಕದಕ್ಕೆ 50,000. ಇವತ್ತೊಂದು ಸಲ, ನಾಳೆ ಇನ್ನೊಂದು. ತಪ್ಪಿಹೋಗುವುದು ನಾಳೆಯದೇ. ಜ್ವರದ ಮಗುವನ್ನು ಎತ್ತಿಕೊಂಡು ಮತ್ತೆ ಯಾರು ಬರುತ್ತಾರೆ? ಅದಕ್ಕೆ ಬಾಟಲಿ, ಗೆರೆಯಿರುವ ಚಮಚ ಹಿಡಿದು ನಾನೇ ಹೋಗುತ್ತೇನೆ. ಬಾಟಲಿ ತೆರೆದ ತಾರೀಖು ಲೇಬಲ್ ಮೇಲೆ ಬರೆದಿರುತ್ತದೆ. ಎಂಟು ವಾರ ದಾಟಿದರೆ ಅದನ್ನು ಬಳಸುವುದಿಲ್ಲ.

ಬಾಗಿಲಲ್ಲಿ ಬೇವಿನ ಸೊಪ್ಪು, ಒಳಗೆ ಅಜ್ಜಿ. "ಅಮ್ಮ ಬಂದವಳೆ, ಔಷಧಿ ಕೊಡಬಾರದು." ವಾದಕ್ಕೆ ಇಳಿಯುವುದಿಲ್ಲ. "ಬೇವು ಇರಲಿ ಅಜ್ಜಿ, ಇದು ಕಣ್ಣಿಗೆ" ಅಂತೀನಿ. ಮಗುವಿನ ಕಣ್ಣು ಕೆಂಪಗೆ ಊದಿರುವುದು ಅವರಿಗೂ ಕಾಣುತ್ತದಲ್ಲ, ಒಪ್ಪುತ್ತಾರೆ. ಬಾಯಿಹುಣ್ಣಿದ್ದರೆ ಮಗು ಉಗಿಯುತ್ತದೆ. ಕೂರಿಸಿಕೊಂಡು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಡಬೇಕು. ಅಳುವಾಗ ಮೂಗು ಹಿಡಿದು ಸುರಿದರೆ ಎಣ್ಣೆಯಂಥ ಈ ಔಷಧಿ ಶ್ವಾಸಕೋಶಕ್ಕೆ ಹೋದೀತು.

ಆಮೇಲೆ ಟಾರ್ಚ್ ಹಾಕಿ ಕಣ್ಣು ನೋಡುತ್ತೇನೆ. ಕರಿಗುಡ್ಡೆ ಮಬ್ಬಾಗಿದ್ದರೆ, ಬಿಳಿಗುಡ್ಡೆಯ ಮೇಲೆ ನೊರೆಯಂಥ ಕಲೆ ಇದ್ದರೆ ಸೀದಾ ಡಾಕ್ಟರ ಹತ್ತಿರ. ಅಂಥವರಿಗೆ ಕೆಲವು ವಾರ ಬಿಟ್ಟು ಮೂರನೇ ಡೋಸೂ ಬೇಕು.

"ಬಾಟಲಿ ಇಲ್ಲೇ ಇಡಿ, ದಿನಾ ಕೊಡ್ತೀವಿ" ಅಂದರೆ ಕೊಡುವುದಿಲ್ಲ. ಇದು ಮೂತ್ರದಲ್ಲಿ ಹೋಗುವ ವಿಟಮಿನ್ ಅಲ್ಲ, ಯಕೃತ್ತಿನಲ್ಲಿ ಕೂರುತ್ತದೆ. 2025ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ದಡಾರ ಹಬ್ಬಿದಾಗ, ವಿಟಮಿನ್ ಎ ಮಿತಿಮೀರಿ ಯಕೃತ್ತಿಗೆ ತೊಂದರೆಯಾದ ಮಕ್ಕಳೂ ಆಸ್ಪತ್ರೆ ಸೇರಿದ್ದರು. ಲಸಿಕೆ ಹಾಕಿಸದೆ ಇದನ್ನೇ ನಂಬಿದರೆ ದಡಾರ ಬರುವುದು ತಪ್ಪುವುದೂ ಇಲ್ಲ.